ಅತ್ತೆಯ ಹುಲ್ಲುಕುಡಿಕೆಗಳು

ಕುಡಿಕೆಗಳನ್ನು ಮುಟ್ಟಬೇಕೋ ಬೇಡವೋ. ಮಗುವಿಗೆ ಹಾಲೂಡಿಸುವಾಗಲೂ ನನಗೆ ಅದೇ ಚಿಂತೆ.

ಡ್ಯಾನ್ಯೂಬ್ ದಂಡೆಯ ಈ ಏಪ್ರಿಕಾಟ್ ತೋಟವನ್ನು ಮಾವ ಹೋದ ಮೇಲೆ ಅತ್ತೆ ವಾಲ್ಬುರ್ಗಾ ಒಬ್ಬರೇ ನೋಡಿಕೊಂಡವರು. ಔಷಧಿ ಹೊಡೆಸಿದವರಲ್ಲ. ವಸಂತದಲ್ಲಿ ಮಣ್ಣಿನ ಕುಡಿಕೆಗಳಿಗೆ ಒಣಹುಲ್ಲು ತುರುಕಿ, ಕೊಂಬೆಗೆ ತಾಗುವಂತೆ ಬೋರಲು ಕಟ್ಟುತ್ತಾರೆ. ಬಾಲದಲ್ಲಿ ಇಕ್ಕಳವಿರುವ ಕಂದು ಹುಳಗಳು ಹಗಲು ಅದರೊಳಗೆ ಅಡಗಿದ್ದು, ಇರುಳು ಹೊರಬಂದು ಚಿಗುರಿನ ಸಸ್ಯಹೇನುಗಳನ್ನು ತಿನ್ನುತ್ತವೆ. ಹಣ್ಣು ಮೆತ್ತಗಾಗುವ ಮೊದಲು ಕುಡಿಕೆಗಳನ್ನು, ಅಲ್ಲಿಯ ಹೇನು ತಿನ್ನಲೆಂದು, ಆಚೆಯ ಸೇಬಿನ ಮರಗಳಿಗೆ ಸಾಗಿಸಬೇಕು. ತಡವಾದರೆ ಕಾವಲಿಗಿದ್ದ ಹುಳಗಳೇ ಹಣ್ಣಿಗೆ ಬಾಯಿ ಹಾಕುತ್ತವೆ. ಸಾಗಿಸುವ ದಿನವನ್ನು ಅತ್ತೆಯೇ ಗೊತ್ತುಮಾಡಬೇಕು. ಹಿಂದೊಮ್ಮೆ ನನ್ನ ಗಂಡ ಕ್ಸಾವರ್ ಕೇಳದೆ ಬಿಚ್ಚಿದ್ದಕ್ಕೆ, ಸುಗ್ಗಿ ಮುಗಿಯುವ ತನಕ ಮಗನ ಜೊತೆ ಮಾತು ಬಿಟ್ಟಿದ್ದರಂತೆ.

ಈಗ ಅವರು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾರೆ. "ನಾನು ಹೇಳೋವರೆಗೂ ಕುಡಿಕೆ ತಂಟೆಗೆ ಹೋಗ್ಬೇಡ್ರಿ" ಎಂದು ಸ್ಟ್ರೆಚರ್ ಮೇಲಿಂದಲೇ ಅಪ್ಪಣೆಯಾಗಿತ್ತು. ನಾಳೆ ಆಪರೇಷನ್. ತೋಟದ ಸುದ್ದಿ ಎತ್ತಿ ಅವರ ಬಿಪಿ ಏರಿಸಬೇಡ ಎಂದು ಕ್ಸಾವರ್ ನನಗೆ ಹೇಳಿ ಕೆಲಸಕ್ಕೆ ಹೋದ. ಆದರೆ ಈ ವರ್ಷದ ಬಿಸಿಲು ಕಾಯಲಿಲ್ಲ. ಬೆಳಿಗ್ಗೆ ದಕ್ಷಿಣದ ಸಾಲಿನ ಹಣ್ಣುಗಳಲ್ಲಿ ತೊಟ್ಟಿನ ಪಕ್ಕ ತೂತು ಕಂಡೆ. ಒಂದನ್ನು ಸೀಳಿದರೆ ಓಟೆಯ ಬಳಿಯಿಂದ ಹುಳ ಸರಕ್ಕನೆ ನನ್ನ ಅಂಗೈ ಮೇಲೆ ಓಡಿತು.

ಪಕ್ಕದ ತೋಟದ ಪೋಲ್ಡಿ ಮಾಮ ಬೇಲಿಗೊರಗಿ ನೋಡುತ್ತಿದ್ದರು.

"ಏನಮ್ಮಾ ವಿಯೆನ್ನಾದವಳೇ, ಹುಳಕ್ಕೆ ನಾಮಕರಣನಾ?"

"ಮಾಮ, ಕುಡಿಕೆ ಇವತ್ತೇ ತೆಗೀಬೇಕಲ್ವಾ?"

"ನಿನ್ನೆಯೇ ತೆಗೀಬೇಕಿತ್ತು. ಆದ್ರೆ ನನ್ನ ಹೆಸರು ಎತ್ಬೇಡ. ನಾನಿನ್ನೂ ಈ ಬೇಲಿ ಪಕ್ಕ ಬಾಳ್ಬೇಕು."

"ಕೇಳ್ದೆ ತೆಗೆದ್ಬಿಟ್ರೆ?"

"ಕೋಲೂರ್ಕೊಂಡು ಮನೆಗೆ ಬರ್ತಾಳಲ್ಲ, ಆ ಕೋಲಿನ ಮೊದಲ ಏಟು ನಿಂಗೆ."

ಸುಮ್ಮನಿದ್ದರೆ ಈ ರಾತ್ರಿಯೇ ಇನ್ನೊಂದು ಸಾಲು ಹೋಗುತ್ತದೆ. ಕೇಳದೆ ತೆಗೆದರೆ, ಬದುಕಿರುವಾಗಲೇ ಅವರನ್ನು ತೋಟದಿಂದ ಹೊರಗಿಟ್ಟಂತೆ. ಹೇಳಿದರೆ, ನಾಳೆ ಏನಾದರೂ ಆದರೆ? ಮಗು ಅಳತೊಡಗಿತು. ಅದನ್ನು ಸೊಂಟಕ್ಕೇರಿಸಿಕೊಂಡು ನಂಬರ್ ಒತ್ತಿದೆ.

"ಅತ್ತೇ, ದಕ್ಷಿಣದ ಸಾಲಲ್ಲಿ ಹಣ್ಣು ತೂತಾಗಿದೆ."



"ಕ್ಸಾವರ್‌ಗೆ ಗೊತ್ತಾ?"

"ತೋಟದ ಸುದ್ದಿ ನಿಮ್ಗೆ ಹೇಳ್ಬೇಡ ಅಂದಿದ್ರು ಅವ್ರು."

"ಅವನ ತಲೆ. ಕುಡಿಕೆ ಕೆಳಗೆ ಬಕೆಟ್ ಹಿಡಿ, ಆಮೇಲೆ ದಾರ ಬಿಚ್ಚು. ಬಿದ್ದಿದ್ದನ್ನ ತುಳೀಬೇಡ, ಸೇಬಿಗೆ ಬೇಕು ಅವು. ಫೋನ್ ಇಡ್ಬೇಡ, ಮೊದಲ್ನೇ ಮರದ ಹತ್ರ ಹೋಗು."