ಓದದೆ ಬಿಟ್ಟ ಸಾಲು

ಶಿಡ್ಲಘಟ್ಟದಲ್ಲಿ ಮೆಹಬೂಬ್ ಪಾಷಾ ಅವರಷ್ಟು ನಯವಾಗಿ ರೇಷ್ಮೆ ಬಿಚ್ಚುವವರನ್ನು ನಾನು ಕಂಡಿಲ್ಲ. ನಲವತ್ತು ವರ್ಷ ಬಿಸಿನೀರಿನ ಬಾಣಲೆಯ ಮೇಲೆ ಬಗ್ಗಿ ಗೂಡಿನಿಂದ ಎಳೆ ತೆಗೆದವರು. ಐದು ಹೊತ್ತಿನ ನಮಾಜು ತಪ್ಪಿಸಿದವರಲ್ಲ, ನನ್ನ ಕಾಲೆಳೆಯುವುದನ್ನೂ ತಪ್ಪಿಸಿದವರಲ್ಲ. "ನನಗಿಂತ ಎರಡೇ ವರ್ಷ ದೊಡ್ಡೋರು ಮೇಷ್ಟ್ರೇ, ನೋಡಿದ್ರೆ ತಾತ ಇದ್ದಂಗಿದ್ದೀರ" ಅನ್ನುತ್ತಿದ್ದರು. ನಾನು ನಗುತ್ತಿದ್ದೆ, ಒಳಗೆ ಉರಿಯುತ್ತಿತ್ತು.

ತೊಂಬತ್ತನಾಲ್ಕನೇ ಇಸವಿಯಲ್ಲಿ ಅವರಿಗೆ ಎರಡು ಸಲ ತಲೆಸುತ್ತು ಬಂತು. ಬೆಂಗಳೂರಿಗೆ ಹೋಗಿ ತಲೆಯ ಫೋಟೋ ತೆಗೆಸಿದರು. ವರದಿ ಅಂಚೆಯಲ್ಲಿ ಬಂತು, ಇಂಗ್ಲಿಷಿನಲ್ಲಿ. ನಮ್ಮ ಬೀದಿಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ, ಹಾಳೂರಿಗೆ ಉಳಿದವನೇ ಗೌಡ. ನಿಘಂಟು ಹಿಡಿದು ಹೇಳಿದೆ: "ಮಿದುಳಿನ ನರಗಳು ಉದ್ದ ಆಗಿವೆಯಂತೆ, ತಿರುಚ್ಕೊಂಡಿವೆಯಂತೆ." ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಅದನ್ನು ಹೇಳಲಿಲ್ಲ.

ಪಾಷಾ ಬೆಪ್ಪಾದರು. "ಉದ್ದ ಹೆಂಗಾಗುತ್ತೆ? ಗೂಡಲ್ಲಿ ಇರೋಷ್ಟೇ ತಾನೆ ಎಳೆ ಬರೋದು? ಮತ್ತೆ ತಿರುಚಿದ ಎಳೆ ರಾಟೆ ಹತ್ರ ಪಟ್ ಅಂತ ಹೋಗುತ್ತೆ ಮೇಷ್ಟ್ರೇ. ಬಗ್ಗಿದ್ರೆ ಇದೂ ಹೋಗುತ್ತಾ?"

ನನಗೇನು ಗೊತ್ತು? "ಹುಷಾರಾಗಿರಿ" ಎಂದೆ.

ಅಂದಿನಿಂದ ಅವರು ಬಗ್ಗಲಿಲ್ಲ. ಬಾಣಲೆಯ ಮುಂದೆ ಹೆಂಡತಿ ಶಮ್ಸುನ್ನೀಸಾ ಕೂತರು. ನಮಾಜಿಗೆ ಕುರ್ಚಿ ಬಂತು. ಮೂರು ತಿಂಗಳಾದ ಮೇಲೆ ಆಕೆ ನಮ್ಮ ಬಾಗಿಲಿಗೆ ಬಂದರು.

"ಕುರ್ಚಿ ಮೇಲೆ ಕೂತು ಅಳ್ತಾರೆ. ಹಣೆ ನೆಲಕ್ಕೆ ತಾಗ್ದೆ ಇದ್ರೆ ನನ್ನ ದುವಾ ಮೇಲಕ್ಕೆ ಹೋಗುತ್ತಾ ಅಂತ ಕೇಳ್ತಾರೆ. ನಾನೇನ್ ಹೇಳ್ಲಿ?"

ಮಾರನೆಯ ದಿನವೇ ಪಾಷಾರನ್ನು ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ವರದಿಯ ಕೊನೆಯ ಸಾಲನ್ನೇ ಮೊದಲು ಓದಿದರು.

"ಇದೆಲ್ಲ ವಯಸ್ಸಿಗೆ ತಕ್ಕ ಹಾಗಿದೆ ಅಂತ ಬರೆದಿದ್ದಾರಲ್ಲ. ಇದು ನರ ಅಲ್ಲ, ರಕ್ತನಾಳ. ವಯಸ್ಸಾದ ಹಾಗೆ ಬಿಗಿ ಹೋಗಿ ಉದ್ದ ಆಗುತ್ತೆ. ತಲೆಯೊಳಗೆ ಜಾಗ ಅಷ್ಟೇ ಇರುತ್ತಲ್ಲ, ಅದಕ್ಕೆ ಡೊಂಕಾಗುತ್ತೆ. ಎಲ್ಲರಿಗೂ ಆಗುತ್ತೆ, ಈ ಮೇಷ್ಟ್ರಿಗೂ ಆಗಿರುತ್ತೆ."

"ಬಗ್ಗಬಹುದಾ ಸಾರ್?"

"ಧಾರಾಳವಾಗಿ ಬಗ್ಗಿ. ತಲೆಸುತ್ತು ಕಿವಿಯಿಂದ ಬಂದಿರೋದು, ಮಾತ್ರೆ ಕೊಡ್ತೀನಿ."

ಬಸ್ಸಿನಲ್ಲಿ ಪಾಷಾ ಕೇಳಿದರು, "ಆ ಸಾಲು ಮೊದಲೇ ಇತ್ತಾ ಮೇಷ್ಟ್ರೇ?"

"ಇತ್ತು."

"ಯಾಕೆ ಹೇಳ್ಲಿಲ್ಲ?"

"ನಿಮಗೆ ವಯಸ್ಸಾಯ್ತು ಅಂದ್ರೆ ನನಗೂ ಆಯ್ತು ಅಂತ ಒಪ್ಪಿದಂಗಾಗ್ತಿತ್ತು."

ಅವರು ಬೈಯಲಿಲ್ಲ, ನಗಲೂ ಇಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮನೆ ಸೇರುವಾಗ ಸಂಜೆಯ ನಮಾಜಿನ ಹೊತ್ತು. ಅವರು ಕುರ್ಚಿಯನ್ನು ಜಗಲಿಗೆ ತಂದಿಟ್ಟು ಒಳಗೆ ಚಾಪೆ ಹಾಸಿದರು. ಹಣೆಯನ್ನು ಮೆಲ್ಲಗೆ, ಹೆದರುತ್ತಲೇ, ನೆಲಕ್ಕೆ ತಾಗಿಸಿದರು. ಬಹಳ ಹೊತ್ತು ಏಳಲಿಲ್ಲ. ನನಗೆ ಭಯವಾಯಿತು. ಆಮೇಲೆ ನೋಡಿದರೆ ಅವರ ಭುಜ ಅಲುಗುತ್ತಿತ್ತು.

ಹೊರಗೆ ಬಂದು ಕಣ್ಣೊರೆಸಿಕೊಂಡು ಹೇಳಿದರು, "ಈ ಕುರ್ಚಿ ನೀವೇ ತಗೊಂಡೋಗಿ ಮೇಷ್ಟ್ರೇ. ನನಗಿಂತ ದೊಡ್ಡೋರಲ್ವಾ."

ಕ್ಷಮಿಸಿದರೋ, ಚುಚ್ಚಿದರೋ, ಇವತ್ತಿಗೂ ನನಗೆ ತಿಳಿದಿಲ್ಲ. ಕುರ್ಚಿ ಹೊತ್ತುಕೊಂಡು ಮನೆಗೆ ಬಂದೆ.