ಕ್ಲಾರಿ ಹಾಸ್ಕಿನ್ ಎಣಿಸಿದ ಏಳು ಚೀಟಿಗಳು

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಿ. ಹದಿನಾಲ್ಕಕ್ಕೇ ಶಾಲೆ ಬಿಟ್ಟವಳು ನಾನು. ಸರಿಯಾದ ಮಾತು ಸಿಗದ ಕಡೆ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ನಮ್ಮ ಯೂನಿಯನ್ ಶಾಖೆಯವರು ನೆನಪಿನ ಪುಸ್ತಕಕ್ಕೆ ಕ್ಲಾರಿ ಹಾಸ್ಕಿನ್ ಬಗ್ಗೆ ಬರೆದುಕೊಡು ಎಂದಾಗ ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಡಾರ್ಲಿಂಗ್ ನದಿಯ ಆಚೀಚಿನ ಶೆಡ್‌ಗಳಲ್ಲಿ ಕ್ಲಾರಿ ನಲವತ್ತು ವರ್ಷ ಕುರಿಗಳ ಉಣ್ಣೆ ಕತ್ತರಿಸಿದರು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ನಾನು ಅವರನ್ನು ಕಂಡಿದ್ದು ಎರಡೇ ವರ್ಷ, ನನ್ನ ಅತ್ತೆ ಡಲ್ಸಿ ಕ್ಲಾರಿಯ ತಂಡಕ್ಕೆ ಅಡುಗೆ ಮಾಡುತ್ತಿದ್ದಾಗ. ನಾನು ಪಾತ್ರೆ ತೊಳೆದು ಶೆಡ್‌ಗೆ ಟೀ ಒಯ್ಯುತ್ತಿದ್ದೆ. ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ತಂಡದ ಬರ್ಟ್ ಕ್ವಿಗ್ಲಿ, "ಬಾಯಿ ತೊಳ್ಕೊಳ್ರೋ, ಹುಡುಗಿ ಬಂತು!" ಎಂದು ಕೂಗುವನು. ಎಲ್ಲರ ಬೈಗುಳವೂ ಗಕ್ಕನೆ ನಿಲ್ಲುವುದು. ನಾನು ನೆಲ ನೋಡುತ್ತಿದ್ದೆ. ಕ್ಲಾರಿ ಮಾತ್ರ ಟೋಪಿ ತೆಗೆದು, "ಬಾಮ್ಮಾ, ನಿಮ್ಮತ್ತೆ ಇವತ್ತಾದ್ರೂ ಕೇಕಿಗೆ ದ್ರಾಕ್ಷಿ ಹಾಕಿದ್ದಾಳಾ?" ಎನ್ನುವರು.

ಮಳೆಯಾದ ಮರುದಿನಕ್ಕೆ ಶೆಡ್‌ನಲ್ಲಿ ಒಂದು ಪದ್ಧತಿಯಿದೆ. ಪ್ರತಿಯೊಬ್ಬರೂ ಎರಡೆರಡು ಕುರಿಗಳ ಉಣ್ಣೆ ತೆಗೆದು, ಕುರಿ ಒದ್ದೆಯೋ ಒಣವೋ ಎಂದು ಚೀಟಿಯಲ್ಲಿ ಬರೆದು ಟೋಪಿಗೆ ಹಾಕುತ್ತಾರೆ. ಒದ್ದೆ ಕುರಿಯನ್ನು ದಿನವಿಡೀ ಅವಚಿ ಹಿಡಿದರೆ ಕೀಲು ಹಿಡಿಯುತ್ತದೆ, ಮೈಮೇಲೆ ಗುಳ್ಳೆ ಏಳುತ್ತವೆ. ಒದ್ದೆಯ ಚೀಟಿ ಹೆಚ್ಚಾದರೆ ಅಂದು ಕೆಲಸವಿಲ್ಲ, ಮಾಲೀಕರೂ ಮಾತಾಡುವಂತಿಲ್ಲ. ಚೀಟಿ ಎಣಿಸಿ ಒಲೆಗೆ ಹಾಕುವುದು ಯೂನಿಯನ್ ಪ್ರತಿನಿಧಿಯೊಬ್ಬರೇ. ನಮ್ಮಲ್ಲಿ ಅದು ಕ್ಲಾರಿ.

ಎರಡನೆಯ ವರ್ಷದ ಆಗಸ್ಟ್‌ನಲ್ಲಿ, ಬ್ರೋಕನ್ ಹಿಲ್ ಊರಿನಲ್ಲಿ ಅವರ ಒಬ್ಬಳೇ ಮಗಳು ನೋರಿನ್‌ಳ ಮದುವೆ, ಶನಿವಾರ ಬೆಳಿಗ್ಗೆ. ನಮ್ಮ ಕೆಲಸ ಶುಕ್ರವಾರಕ್ಕೆ ಮುಗಿಯಬೇಕಿತ್ತು. ಅತ್ತೆ ಕ್ಲಾರಿಯ ಕಂದು ಸೂಟಿಗೆ ಇಸ್ತ್ರಿ ಮಾಡಿ ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕಿದ್ದಳು. ಬುಧವಾರ ಸಂಜೆ ಮಳೆ ಹೊಡೆಯಿತು. ಕೊನೆಯ ಕುರಿ ಹೊರಬೀಳುವ ತನಕ ಪ್ರತಿನಿಧಿ ಶೆಡ್ ಬಿಡಬಾರದು ಎಂಬುದು ಕ್ಲಾರಿ ತಾವೇ ಹಾಕಿಕೊಂಡ ಕಟ್ಟುಪಾಡು. ಒಂದು ದಿನ ಹೋದರೆ ಮದುವೆಯೂ ಹೋದಂತೆ.

"ಅವ್ರಿಗೆಲ್ಲ ಮದ್ವೆ ವಿಷ್ಯ ಹೇಳ್ಬಿಡಿ ಮಾಮ" ಎಂದೆ.

"ಹೇಳಿದ್ರೆ ಅವ್ರು ಕುರಿ ಮುಟ್ಟಿ ನೋಡಲ್ಲ ಮಗಳೇ, ನನ್ನ ಮುಖ ನೋಡ್ತಾರೆ. ನೀನೂ ಬಾಯಿ ಬಿಡ್ಬೇಡ."

ಗುರುವಾರ ಬೆಳಿಗ್ಗೆ, ನಾನು ಚೀಟಿ ಹಾಕುವವಳಲ್ಲದ ಕಾರಣ, ಕ್ಲಾರಿಯ ಟೋಪಿ ಹಿಡಿಯಲು ನನ್ನನ್ನು ನಿಲ್ಲಿಸಿದರು. ಕ್ಲಾರಿಯದೂ ಸೇರಿ ಏಳು ಚೀಟಿ. ಅವರು ಏನು ಬರೆದರೋ ಗೊತ್ತಿಲ್ಲ, ಅದನ್ನು ಕೇಳುವಂತಿಲ್ಲ. ಮೂರು ಒಣ ಬಂದವು, ಮೂರು ಒದ್ದೆ. ಏಳನೆಯದು ಅವರ ಅಂಗೈಯಲ್ಲಿತ್ತು. ಒದ್ದೆ ಎಂದಿತ್ತು. ನಾವಿಬ್ಬರೇ ಅದನ್ನು ನೋಡಿದ್ದು. ಒಲೆ ಎರಡೇ ಹೆಜ್ಜೆ ದೂರ. ಅವರು ಹೆಬ್ಬೆರಳಿನಿಂದ ಆ ಚೀಟಿಯನ್ನು ಮೆಲ್ಲಗೆ ಸವರುತ್ತಾ ನಿಂತರು.

ಆಮೇಲೆ ತಿರುಗಿ, "ನಾಲ್ಕು ಒದ್ದೆ, ಮೂರು ಒಣ. ಇವತ್ತು ಕೆಲ್ಸ ಇಲ್ಲ" ಎಂದರು.

ಕೊನೆಯ ಕುರಿ ಹೊರಬಿದ್ದಾಗ ಶನಿವಾರ ಮಧ್ಯಾಹ್ನ. ಲಾರಿ ಹತ್ತುವಾಗ ಅವರ ತೋಳಿನ ಮೇಲಿದ್ದ ಸೂಟು ನೋಡಿ ಬರ್ಟ್, "ಯಾರ ಸಾವಿಗೋ ಇದು, ಮುದುಕಪ್ಪಾ?" ಎಂದ.

"ನನ್ ಮಗಳ ಮದ್ವೆಗೆ. ಬೆಳಿಗ್ಗೆ ಆಗ್ಹೋಯ್ತು."

ಬರ್ಟ್‌ನ ಮುಖ ಕೆಂಪಾಯಿತು. "ಬಾಯಿಗೇನಾಗಿತ್ತೋ ನಿಂಗೆ? ಒಂದ್ ಚೀಟಿ ತಾನೇ!"

"ಆ ಟೋಪಿ ಒಂದೇ ನಂದು ಬರ್ಟ್. ಚೀಟಿ ನಿಮ್ದು."

ಟೀ ಹೊತ್ತಿಗೆ ಇಂದಿಗೂ ಆ ಟೋಪಿಯ ಉಣ್ಣೆಜಿಡ್ಡಿನ ವಾಸನೆ ಮೂಗಿಗೆ ಬಂದಂತಾಗುತ್ತದೆ. ಈಗ ಅತ್ತೆ ಅಡುಗೆ ಬಿಟ್ಟಿದ್ದಾಳೆ, ತಂಡವೂ ಚದುರಿದೆ.

ಮಗಳಿಗೆ ಕ್ಲಾರಿ, ಕೆಲಸ ಮುಗಿಯಲಿಲ್ಲ ಎಂದಷ್ಟೇ ಹೇಳಿದ್ದರಂತೆ. ಅವರನ್ನು ಮಣ್ಣು ಮಾಡಿದ ದಿನ ನೋರಿನ್ ನಮ್ಮ ಅತ್ತೆಯ ಹತ್ತಿರ, "ನಮ್ಮಪ್ಪಂಗೆ ನನಗಿಂತ ಕುರಿನೇ ಹೆಚ್ಚು" ಎಂದಳು. ಪಕ್ಕದಲ್ಲೇ ನಿಂತಿದ್ದೆ. ಟೀ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ನಾಳೆ ಇದನ್ನು ಇನ್ನೊಮ್ಮೆ ಬಿಡಿಸಿ ಬರೆದು, ಶಾಖೆಗೆ ಕೊಡುವ ಮೊದಲು ನೋರಿನ್‌ಗೆ ಅಂಚೆಯಲ್ಲಿ ಕಳಿಸುತ್ತೇನೆ.