ಎದ್ಲೀನ್ ಅಂಟಿಸಿದ ಬೀದಿ

ಚಿಲಿ ದೇಶದ ವಾಲ್ಪರೈಸೊದ ನಮ್ಮ ಗುಡ್ಡಕ್ಕೆ ಬಾಡಿಗೆ ಕೋಣೆ ಹುಡುಕಿಕೊಂಡು ಬರುವವರು ಹೊಸಬರೇನಲ್ಲ. ಎದ್ಲೀನ್ ಬಂದಾಗ ಮಾತ್ರ ಅವಳ ಒಂದು ಕೈಯಲ್ಲಿ ಬಟ್ಟೆಚೀಲ, ಇನ್ನೊಂದರಲ್ಲಿ ರದ್ದಿ ಕಾಗದದ ಕಟ್ಟು. ಹೈಟಿಯ ಜಾಕ್ಮೆಲ್ ಊರಿನವಳು. ಅವಳಪ್ಪ ಕಾರ್ನಿವಲ್‌ಗೆ ಕಾಗದದ ಮುಖವಾಡ ಮಾಡುತ್ತಿದ್ದನಂತೆ. ನನ್ನ ದಿನಸಿ ಅಂಗಡಿಯ ಹಿಂದಿನ ಕೋಣೆ ಖಾಲಿಯಿತ್ತು, ಕೊಟ್ಟೆ. ಬೆಳಿಗ್ಗೆ ಬಂದರಿನ ದಕ್ಕೆಯಲ್ಲಿ ಮೀನು ಸೀಳುವ ಕೆಲಸ. ಮಧ್ಯಾಹ್ನ ಮೆಟ್ಟಿಲು ಹತ್ತಿ ಬರುವಾಗ ಗೋಡೆಯಿಂದ ಕಿತ್ತುಬಂದು ಜೋಲುವ ಪೋಸ್ಟರು, ಈರುಳ್ಳಿ ಸಿಪ್ಪೆ, ಸಾರ್ಡೀನ್ ಡಬ್ಬಿಯ ಮುಚ್ಚಳ, ಹರಿದ ಬಲೆ, ಕೈಗೆ ಸಿಕ್ಕಿದ್ದನ್ನೆಲ್ಲ ಆರಿಸಿಕೊಂಡು ಬರುತ್ತಿದ್ದಳು.

ನನ್ನ ಗಂಡ ಎಲಿಸೆಯೊ ಗೊಣಗಿದ. "ಒತಿಲಿಯಾ, ನೀನು ಬಾಡಿಗೆಗೆ ಕೊಟ್ಟಿದ್ದು ಕೋಣೆನೋ ಕಸದ ತೊಟ್ಟಿನೋ?"

ಮೇಲಿನ ಮನೆಯ ನೆಲ್ದಾ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ರೊಟ್ಟಿ ಕೊಳ್ಳಲು ಬಂದವಳು ಪಿಸುಗುಟ್ಟಿದಳು. "ನಿನ್ ಬಾಡಿಗೆಯವಳು ಏನೋ ಮಾಟ ಮಾಡ್ತಾಳೆ ಕಣೇ. ನಮ್ಮನೆ ಮುಂದೆ ಬಿದ್ದಿದ್ದ ಅಂಗಿ ಗುಂಡಿನೂ ಎತ್ಕೊಂಡು ಹೋದ್ಲು."

ಆ ಗುಂಡಿ ಒಂದು ವಾರದ ಮೇಲೆ ಸಿಕ್ಕಿತು. ಎದ್ಲೀನ್ ನನ್ನ ಅಂಗಡಿಯನ್ನು ಹಲಗೆಯ ಮೇಲೆ ಅಂಟಿಸಿ ಮಾಡಿದ್ದಳು. ಗೋಡೆಗೆ ಹಿಟ್ಟಿನ ಚೀಲ, ಮಾಡಿಗೆ ಡಬ್ಬಿಯ ತಗಡು, ಬಾಗಿಲಲ್ಲಿ ಮಾತಾಡುತ್ತ ನಿಂತ ನೆಲ್ದಾ. ಅವಳ ಮುಖವೆಲ್ಲ ಈರುಳ್ಳಿ ಸಿಪ್ಪೆ, ಒಂದು ಕಣ್ಣು ಅದೇ ಗುಂಡಿ. ಗೊಂಬೆಯಷ್ಟೇ ಇದ್ದರೂ ಸೊಂಟದ ಮೇಲೆ ಕೈಯಿಟ್ಟ ಭಂಗಿ ನೋಡಿದರೆ ಯಾರಿಗೂ ಗುರುತು ಸಿಗಬೇಕು.

"ನಾನೇನು ಅಷ್ಟೊಂದು ಸುಕ್ಕಾಗಿದೀನಾ?" ಎಂದಳು ನೆಲ್ದಾ.

"ಇಲ್ಲ ದೋನ್ಯಾ, ಸ್ವಲ್ಪ ಕಮ್ಮಿನೇ ಹಾಕಿದೀನಿ," ಎಂದಳು ಎದ್ಲೀನ್, ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ನಮ್ಮ ಪದವನ್ನೇ ಬಳಸಿ, ಆಗಿನ್ನೂ ತಡವರಿಸುವ ನಮ್ಮ ಭಾಷೆಯಲ್ಲಿ. ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಕೊನೆಗೆ ನೆಲ್ದಾ ಕೂಡ.

ಮೂರನೇ ವರ್ಷ, ನಮ್ಮಲ್ಲಿ ಬೇಸಿಗೆಯಾಗಿರುವ ಡಿಸೆಂಬರಿನಲ್ಲಿ, ಕ್ರಿಸ್ಮಸ್ ಕಳೆದ ಮರುದಿನ, ಗುಡ್ಡದ ನೆತ್ತಿಯ ಒಣಹುಲ್ಲಿಗೆ ಬೆಂಕಿ ಬಿತ್ತು. ಗಾಳಿ ಕೆಳಮುಖವಾಗಿತ್ತು. ಮೇಲಿನ ಸಾಲಿನ ಮನೆಗಳೆಲ್ಲ ಮಧ್ಯಾಹ್ನದೊಳಗೆ ಬೂದಿಯಾದವು, ನೆಲ್ದಾಳದ್ದೂ ಸೇರಿ. ಎದ್ಲೀನ್ ಮೀನಿನ ಏಪ್ರನ್ನಿನಲ್ಲೇ ಓಡಿ ಬಂದು, ಮನೆ ಬಿಟ್ಟು ಬರಲೊಲ್ಲದ ನೆಲ್ದಾಳನ್ನು ಬೆನ್ನ ಮೇಲೆ ಹೊತ್ತು ಇಳಿಸಿದಳು. ಮುದುಕಿ ದಾರಿಯುದ್ದಕ್ಕೂ ಅವಳ ಬೆನ್ನಿಗೆ ಗುದ್ದುತ್ತಲೇ ಇದ್ದಳು. ಜೀವಕ್ಕೆ ಮಾತ್ರ ಯಾರಿಗೂ ಅಪಾಯವಾಗಲಿಲ್ಲ.

ಮನೆ ಕಳೆದುಕೊಂಡವರೆಲ್ಲ ಬಡಾವಣೆಯ ಸಭಾಮನೆಯಲ್ಲಿ ಉಳಿದರು. ಹಗಲು ಮೇಲೆ ಹೋಗಿ ಬೂದಿ ಕೆದಕುವುದು, ಏನೋ ಒಂದು ಚೂರು ಹಿಡಿದುಕೊಂಡು ಬರುವುದು. ಅದನ್ನು ಬಿಸಾಡಲೂ ಆಗದು, ಇಟ್ಟುಕೊಳ್ಳಲೂ ಜಾಗವಿಲ್ಲ. ಎದ್ಲೀನ್ ಅದನ್ನೇ ನೋಡುತ್ತಿದ್ದವಳು ಒಂದು ದಿನ ಕೇಳಿದಳು. "ನನಗೆ ಕೊಡ್ತೀರಾ? ಮೆಟ್ಟಿಲ ಪಕ್ಕದ ಗೋಡೆ ಮೇಲೆ ಮನೆ ಮಾಡಿ ವಾಪಸ್ ಕೊಡ್ತೀನಿ."

ನೆಲ್ದಾ ಸಿಡಿದಳು. "ನಮ್ಮ ಗೋಳು ನಿನ್ನ ಚಿತ್ರಕ್ಕೆ ಒಗ್ಗರಣೆ ಅಲ್ಲಮ್ಮ! ಮನೆ ಸುಟ್ಟೋಗಿದ್ದು ನಮ್ದು, ನಿಂದಲ್ಲ."

ಎದ್ಲೀನಳ ಮುಖ ಬಾಡಿತು. ಮತ್ತೆ ಆ ಮಾತೆತ್ತಲಿಲ್ಲ. ಹೊಸ ವರ್ಷದ ದಿನ ಬೆಳಿಗ್ಗೆ ನನ್ನ ಅಡಿಗೆಮನೆಯ ದೊಡ್ಡ ಪಾತ್ರೆ ಕೇಳಿ ತೆಗೆದುಕೊಂಡು, ಕುಂಬಳಕಾಯಿ, ಮಾಂಸ, ಎಲೆಕೋಸು ಹಾಕಿ ಸೂಪು ಕಾಯಿಸಿ ಸಭಾಮನೆಗೆ ಹೊತ್ತಳು. "ನಮ್ಮೂರಲ್ಲಿ ಇವತ್ತು ಎಲ್ಲರೂ ಇದನ್ನೇ ಕುಡಿಯೋದು. ಗುಲಾಮರಾಗಿದ್ದಾಗ ನಮ್ಮವರು ಬೇಯಿಸಿದ್ರು, ಕುಡಿದವರು ದಣಿಗಳು. ಸ್ವತಂತ್ರ ಆದ ದಿನದಿಂದ ನಾವೇ ಕುಡಿತೀವಿ," ಎಂದು ಒಬ್ಬೊಬ್ಬರಿಗೂ ಬಡಿಸಿದಳು. ನೆಲ್ದಾ ಬಟ್ಟಲನ್ನು ಎರಡು ಸಲ ಮುಂದೆ ಹಿಡಿದಳು. ಕೃತಜ್ಞತೆಯ ಮಾತು ಮಾತ್ರ ಆಡಲಿಲ್ಲ.

ಜನವರಿ ಮುಗಿಯುವಾಗ ಒಂದು ಮಧ್ಯಾಹ್ನ ನೆಲ್ದಾ ಸೆರಗಿನಂತೆ ಏಪ್ರನ್ ಎತ್ತಿ ಹಿಡಿದು ಅಂಗಡಿಗೆ ಬಂದಳು. ಒಳಗೆ ನೀಲಿ ಕಿಟಕಿಯ ಸುಟ್ಟ ಚೌಕಟ್ಟಿನ ತುಂಡು, ಅರ್ಧ ಟೀ ಕಪ್ಪು, ತೀರಿಹೋದ ಗಂಡನ ಕರಗಿ ಮುದುರಿದ ಕನ್ನಡಕ.

"ಎಲ್ಲಿ ಅವಳು?"

ಎದ್ಲೀನ್ ಹೊರಗೆ ಬಂದಳು.

"ತಗೋ. ಕಿಟಕಿ ಸಮುದ್ರದ ಕಡೆಗಿರಬೇಕು. ತಪ್ಪು ಮಾಡಿದ್ರೆ ನೋಡು ಮತ್ತೆ."

"ನೀವೇ ಬಂದು ಅಂಟಿಸಿ ದೋನ್ಯಾ. ಹಾಗಾದ್ರೆ ತಪ್ಪಾಗಲ್ಲ."

ಅಲ್ಲಿಂದ ಶುರುವಾಯಿತು. ಮರದ ಹಲಗೆಗಳನ್ನು ಗೋಡೆಗೆ ಹೊಡೆದರು. ಎದ್ಲೀನ್ ಅಂಟು ಕಾಯಿಸಿದಳು, ಎಲ್ಲಿ ತಗಡು ಬೇಕು ಎಲ್ಲಿ ಬಟ್ಟೆ ಬೇಕು ಎಂದು ತೋರಿಸಿದಳು. ತಮ್ಮ ತಮ್ಮ ಮನೆಯನ್ನು ಜನ ಕೂಡಿ ಕಟ್ಟಿದರು. ಗೊಣಗುತ್ತಿದ್ದ ನನ್ನ ಎಲಿಸೆಯೊ ಏಣಿ ಹಿಡಿದುಕೊಂಡು ನಿಂತಿರುತ್ತಿದ್ದ. ಸುಟ್ಟ ಸಾಲು ಇಡಿಯಾಗಿ ಆ ಗೋಡೆಯ ಮೇಲೆ ಎದ್ದು ನಿಂತಿತು. ಒಗೆದ ಬಟ್ಟೆ ಒಣಗುವ ಹಗ್ಗಗಳನ್ನೂ ಅವರು ಮರೆಯಲಿಲ್ಲ.

ಎಲ್ಲ ಮುಗಿಯಿತು ಅಂದುಕೊಂಡಾಗ ನೆಲ್ದಾ ಹಿಂದೆ ಸರಿದು ನಿಂತು ಕೇಳಿದಳು. "ನಿನ್ ಮನೆ ಎಲ್ಲೇ?"

"ನಂದು ಸುಟ್ಟಿಲ್ವಲ್ಲ."

"ಹಾಗಲ್ಲ. ಊರಲ್ಲಿ ಇತ್ತಲ್ಲ, ಅದು."

ಎದ್ಲೀನ್ ಕುಂಚ ಒರೆಸಿಟ್ಟಳು. ಆಮೇಲೆ ನೆಲ ನೋಡುತ್ತ ಹೇಳಿದಳು. ಭೂಕಂಪದಲ್ಲಿ ಅದು ಕುಸಿದುಬಿತ್ತು, ಅಪ್ಪ ಒಳಗಿದ್ದ. ಅದರಿಂದ ಒಂದು ಚೂರನ್ನೂ ತರಲಾಗಲಿಲ್ಲ. ನನ್ನೊಂದಿಗೆ ಅಷ್ಟು ವರ್ಷ ಇದ್ದರೂ ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು ಅಂದೇ.

ನೆಲ್ದಾ ತನ್ನ ಮನೆಯ ಪಕ್ಕದ ಖಾಲಿ ಜಾಗವನ್ನು ಅಂಗೈಯಿಂದ ಒರೆಸಿದಳು. "ಚೂರು ನಾವ್ ಕೊಡ್ತೀವಿ. ಬಾಗಿಲು ಯಾವ ಬಣ್ಣ ಇತ್ತು ಹೇಳು ಮಗಳೇ."

"ಹಸಿರು," ಎಂದಳು ಎದ್ಲೀನ್, ಮತ್ತು ಅತ್ತಳು. ಒಬ್ಬಳು ಹಸಿರು ಲಂಗದ ತುಂಡು ತಂದಳು, ನಾನು ಸಕ್ಕರೆ ಚೀಲ ತಂದೆ. ಸಂಜೆಯೊಳಗೆ ಜಾಕ್ಮೆಲ್‌ನ ಆ ಮನೆ ನಮ್ಮ ಬೀದಿಯಲ್ಲಿ ನಿಂತಿತ್ತು.

ಆಮೇಲೆ ನಗರದ ಕಲಾಶಾಲೆಯವರು ನೋಡಿ ಹೋದರು, ಅವಳ ಕೆಲಸಗಳ ಪ್ರದರ್ಶನವಾಯಿತು, ಈಗ ಶನಿವಾರ ಅಲ್ಲಿ ಪಾಠ ಹೇಳುತ್ತಾಳೆ. ನನಗೆ ಸಂತೋಷ. ಆದರೆ ಆಕೆ ನಮ್ಮ ಗುಡ್ಡಕ್ಕೇ ಬಂದಳಲ್ಲ, ನನ್ನ ಬಾಗಿಲನ್ನೇ ತಟ್ಟಿದಳಲ್ಲ, ಅದನ್ನು ನೆನೆದರೆ ಇನ್ನೂ ದೊಡ್ಡ ಸಂತೋಷ. ಹೋದ ವಾರ ಮಳೆಗೆ ಗೋಡೆಯ ಚಿತ್ರದ ಒಂದು ಮೂಲೆ ಅಂಟು ಬಿಟ್ಟು ಎದ್ದಿದೆ. ಇವತ್ತು ಬಿಸಿಲಿದೆ. ಎದ್ಲೀನ್ ಅಂಟಿನ ಬಕೆಟ್ ಹಿಡಿದು ಮೇಲೆ ಹೋಗಿದ್ದಾಳೆ, ಎಲಿಸೆಯೊ ಏಣಿ ಹೊತ್ತು ಹಿಂದೆ ಹೋಗಿದ್ದಾನೆ.